ಒಂದು ಡ್ರೆಸ್ಸಿಗೆ ಎರಡು ಹಬ್ಬ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಾಡಿದವರಿಗೆ ಮಕ್ಕಳಿರಲಿಲ್ಲವೆಂದು ನನಗೆ ಬಲವಾದ ಅನುಮಾನ. ಇದ್ದಿದ್ದರೆ, ಚಾಚದಿದ್ದರೂ ತಾವಾಗಿಯೇ ಉದ್ದವಾಗುವ ಕಾಲುಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತಿದ್ದರು. ನನ್ನ ಮಗಳು ಪಲ್ಲವಿಗೆ ದೀಪಾವಳಿಗೆ ಹೊಲಿಸಿದ ಲಂಗ ಸಂಕ್ರಾಂತಿಯ ಹೊತ್ತಿಗೆ ಮೊಣಕಾಲಿನ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿರುತ್ತದೆ.

ಆ ವರ್ಷ ಸಿಂದಗಿಯ ನಮ್ಮ ಮನೆಯ ಮೇಲೊಂದು ಕೋಣೆ ಕಟ್ಟಿಸಲು ಹೋಗಿ ಕೈ ಬರಿದು ಮಾಡಿಕೊಂಡಿದ್ದೆವು. ಪಕ್ಕದ ಮನೆಯ ಜುಬೇದಾಳ ಗಂಡನ ಟಂಟಂ ಆಟೊ ಕೆಟ್ಟು ಗ್ಯಾರೇಜಿನಲ್ಲಿ ಮಲಗಿತ್ತು. ಅವಳ ಮಗಳು ಆಫ್ರೀನ್ ಮತ್ತು ಪಲ್ಲವಿ ಒಂದೇ ಶಾಲೆ, ಒಂದೇ ಬೆಂಚು, ಎತ್ತರವೂ ಒಂದೇ. ಒಂದು ದಿನ ಬಟ್ಟೆ ಒಣಹಾಕುತ್ತ ಜುಬೇದಾ ಗೋಡೆಯಾಚೆಯಿಂದ ಕೇಳಿದಳು: “ಅಕ್ಕಾ, ಇಬ್ರಿಗೂ ಕೂಡಿ ಒಂದ ಛಲೋ ಡ್ರೆಸ್ ತಗೊಂಡ್ರ ಹೆಂಗ್ರಿ? ಯುಗಾದಿಗೆ ನಿಮ್ಮಾಕಿ ಹಾಕ್ಕೊಳ್ಳಲಿ, ರಂಜಾನಕ್ಕ ನಮ್ಮಾಕಿ.”

ಇಂಥ ಬುದ್ಧಿ ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು. ಸಿಂದಗಿಯಲ್ಲೇ ಕೊಂಡರೆ ಸುದ್ದಿ ನಮಗಿಂತ ಮೊದಲು ಓಣಿ ಮುಟ್ಟುತ್ತದೆಂದು, ಹುಡುಗಿಯರನ್ನು ಕರೆದುಕೊಂಡು ತಾಳಿಕೋಟೆಗೆ ಹೋದೆವು. ಗಿಳಿಹಸಿರಿನ, ನೆರಿಗೆ ನೆರಿಗೆಯ ಅನಾರ್ಕಲಿ ನಾಲ್ವರಿಗೂ ಒಪ್ಪಿತು. ಅಂಗಡಿಯವರು ಎರಡು ತೆಗೆದಿಟ್ಟರು.

“ಒಂದ ಸಾಕ್ರಿ,” ಎಂದೆ.

ಅವರು ಹುಡುಗಿಯರಿಬ್ಬರನ್ನೂ ಸರದಿಯ ಮೇಲೆ ನೋಡಿದರು. ಇವರಲ್ಲಿ ಮಲಮಗಳು ಯಾರೆಂದು ಹುಡುಕುವವರ ಹಾಗೆ.

ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಯುಗಾದಿಯ ಸಂಜೆ ಚಂದ್ರ ಕಂಡರೆ ಮರುದಿನವೇ ರಂಜಾನ್! ಒಗೆಯಲು, ಒಣಗಿಸಲು ಪುರುಸೊತ್ತೇ ಇಲ್ಲ.

ಹೀಗಾಗಿ ಯುಗಾದಿಯ ದಿನ ಪಲ್ಲವಿಗೆ ಬೇವು-ಬೆಲ್ಲವನ್ನು ನಾನೇ ದೂರದಿಂದ ಬಾಯಿಗೆ ಹಾಕಿದೆ. ಹೋಳಿಗೆಗೆ ತುಪ್ಪ ಬಂದ್. ಕೂತರೆ ನೆರಿಗೆ ಮುರಿಯುತ್ತದೆ, ಆಡಿದರೆ ಧೂಳು. ಅಂಗಡಿಯ ಗೊಂಬೆಯಂತೆ ನಿಂತು ನಿಂತು ಸಾಕಾಗಿ ಹುಡುಗಿ ಕೇಳಿತು: “ಅವ್ವಾ, ಹಬ್ಬ ಎಷ್ಟೊತ್ತಿಗೆ ಮುಗಿತೈತಿ?”

ಸಂಜೆ ಓಣಿಯೆಲ್ಲ ಮಾಳಿಗೆ ಏರಿ ಚಂದ್ರನನ್ನು ಹುಡುಕುತ್ತಿತ್ತು. ನಾನೊಬ್ಬಳು ಮೋಡ ಹುಡುಕುತ್ತಿದ್ದೆ. “ಅಗೋ, ಕಂಡ್ತು ನೋಡ್ರಿ ಅಕ್ಕಾ!” ಎಂದು ಜುಬೇದಾ ಕುಣಿದಳು. ಅವಳನ್ನು ಅಪ್ಪಿಕೊಂಡು ಹಬ್ಬದ ಹಾರೈಕೆ ಹೇಳಿ, ಇಸ್ತ್ರಿಪೆಟ್ಟಿಗೆಗೆ ಓಡಿದೆ. ಒಂದೂ ಕಲೆಯಿಲ್ಲದೆ ಡ್ರೆಸ್ ಗೋಡೆ ದಾಟಿತು.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆವು. ಬಾಗಿಲ ಬಳಿ ಆಫ್ರೀನ್ ಥೇಟ್ ಗೊಂಬೆಯ ಹಾಗೆ ನಿಂತಿದ್ದಳು. “ಗ್ವಾಡಿಗೆ ಆನಬ್ಯಾಡ! ನಾಗರಪಂಚಮಿಗೆ ಪಲ್ಲವಿ ಹಾಕ್ಕೋಬೇಕು,” ಎಂದು ಜುಬೇದಾ ಗದರುತ್ತಲೇ ನನ್ನ ಕೈಗೆ ಸುರಕುಂಬಾ ಕೊಟ್ಟಳು. ಹಾಲು, ಶ್ಯಾವಿಗೆ, ಉತ್ತತ್ತಿ ತುಂಬಿ ತುಳುಕುವ ಬಟ್ಟಲು. ನಾನೂ ನನ್ನ ಪಾಲಿನ ಬುದ್ಧಿವಾದ ಹೇಳಬೇಡವೇ? “ಹುಷಾರವ್ವಾ ಆಫ್ರೀನ್, ಮೈಮ್ಯಾಲೆ ಏನರೆ ಚೆಲ್ಲೀತು,” ಎಂದು ಅವಳ ಕಡೆ ತಿರುಗಿದೆ. ತಿರುಗಿದ ರಭಸಕ್ಕೆ ಬಟ್ಟಲು ವಾಲಿತು. ಅರ್ಧ ಸುರಕುಂಬಾ ಗಿಳಿಹಸಿರಿನ ಮೇಲೆ ಇಳಿದು, ಶ್ಯಾವಿಗೆ ನೆರಿಗೆಗಳಲ್ಲಿ ಜೋತಾಡಿತು.

ನಾನು ಜುಬೇದಾಳ ಮುಖ ನೋಡಲಾರದೆ ಡ್ರೆಸ್ಸಿನ ಮೇಲಿನ ಉತ್ತತ್ತಿ ಆರಿಸತೊಡಗಿದೆ. ಆಗ ಆಫ್ರೀನ್ ಮೆಲ್ಲಗೆ ನನ್ನನ್ನು ಕೇಳಿದಳು: “ಕಾಕು, ಈಗ ನಾ ಕೂಡ್ಲೇನ್ರಿ?”

ಮೊದಲು ನಕ್ಕವಳು ಜುಬೇದಾ. “ಕೂಡವ್ವಾ, ಉಳ್ಳಾಡಬೇಕಂದ್ರೂ ಉಳ್ಳಾಡು!” ಆಫ್ರೀನ್ ನೆಲಕ್ಕೆ ಧೊಪ್ಪನೆ ಕೂತಳು. ಪಕ್ಕದಲ್ಲಿ ಪಲ್ಲವಿ ಕೂತು, ಒಂದೇ ತಟ್ಟೆಯಲ್ಲಿ ಇಬ್ಬರೂ ಬಿರಿಯಾನಿ ಬಾರಿಸಿದರು. ಕೈ ತೊಳೆದದ್ದನ್ನು ನಾನು ನೋಡಲಿಲ್ಲ. ಆಗಲೇ ಓಣಿಯಲ್ಲಿ ಕುಂಟೆಬಿಲ್ಲೆ ಶುರುವಾಗಿತ್ತು.

ಎಷ್ಟು ತಿಕ್ಕಿದರೂ ಆ ಕಲೆ ಪೂರ್ತಿ ಹೋಗಲಿಲ್ಲ. ಹೊಸದಿದ್ದಾಗ ಯಾವಾಗ ಬಿಚ್ಚೇವು ಎನ್ನುತ್ತಿದ್ದ ಹುಡುಗಿಯರು ಈಗ ಆ ಡ್ರೆಸ್ಸಿಗಾಗಿ ಜಗಳಾಡುತ್ತಾರೆ. ಅದನ್ನು ತೊಟ್ಟಾಗ ಮನೆಯಲ್ಲಿ ಯಾರೂ ಹುಷಾರು ಅನ್ನುವುದಿಲ್ಲವಂತೆ.