ಕಂಡಕ್ಟರಿಗೆ ಸಬ್‌ಟೈಟಲ್ ಎಂತಕ್ಕೆ?

ಆ ಶನಿವಾರ ಸಂಜೆ ನಮ್ಮ ಮನೆಯಲ್ಲಿ ದರೋಡೆ ನಡೆಯುತ್ತಿತ್ತು. ಕೆಂಪು ಬಟ್ಟೆ, ಮುಖವಾಡ, ಕೈಯಲ್ಲಿ ಬಂದೂಕು. ದರೋಡೆಕೋರರೆಲ್ಲ ಟಿವಿಯ ಒಳಗಿದ್ದರು. ಹೊರಗೆ ನಾನು ತೊಂಡೆಕಾಯಿ ಹೆಚ್ಚುತ್ತಿದ್ದೆ. ನಮ್ಮ ಮನೆಯವರು ಕಾಲು ಚಾಚಿ ಕುಳಿತು ಕಥೆ ಹೇಳುತ್ತಿದ್ದರು. ಪಕ್ಕದ ಮನೆಯ ಝೊಹರಾ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. (ಕುಳಿತುಕೋ ಎಂದರೆ "ಈಗ ಹೋಗ್ಲಿಕ್ಕುಂಟು" ಎನ್ನುತ್ತಾಳೆ. ಒಂದು ಗಂಟೆ ನಿಂತೇ ಇರುತ್ತಾಳೆ.)

ಧಾರಾವಾಹಿ ಕೊರಿಯಾದ್ದು. ಅದೂ ಅವರ ಸ್ವಂತದ್ದಲ್ಲ. ಯುರೋಪಿನವರು ಮಾಡಿದ ಕಳ್ಳರ ಕಥೆಯನ್ನು ಕೊರಿಯಾದವರು ತಮ್ಮ ಊರಿಗೆ ಹೊಂದಿಸಿ ಇನ್ನೊಮ್ಮೆ ಮಾಡಿದ್ದು. ಕದಿಯುವ ಕಥೆಯನ್ನು ಕದಿಯದೆ, ರೈಟ್ಸ್ ಪಡೆದು ತಂದಿದ್ದಾರಂತೆ. ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾಗಿ ನಡೆದದ್ದು ಅದೊಂದೇ ಇರಬೇಕು.

ಅದನ್ನು ನಮಗೆ ಹಾಕಿ ಕೊಟ್ಟವಳು ತಂಗಿಯ ಮಗಳು ಶ್ರುತಿ. "ದೊಡ್ಡಪ್ಪ, ಇಂಗ್ಲಿಷ್ ಸಬ್‌ಟೈಟಲ್ ಹಾಕ್ಲಾ?" ಎಂದು ಕೇಳಿದ್ದಳು.

"ಮೂವತ್ತು ವರ್ಷ ಮಂಗಳೂರು–ಕಾಸರಗೋಡು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಸಬ್‌ಟೈಟಲ್ ಎಂತಕ್ಕೆ ಮಾರಾಯ್ತಿ?"

ಇದು ಗಡಿನಾಡಿನ ನಮ್ಮ ಕಾಸರಗೋಡು ಕಡೆಯವರ ರೋಗ. ಮನೆಯೊಳಗೆ ಕನ್ನಡ, ಅಂಗಳದಲ್ಲಿ ತುಳು, ಬೇಲಿಯಾಚೆ ಬ್ಯಾರಿ, ಅಂಗಡಿಯಲ್ಲಿ ಕೊಂಕಣಿ, ಆಫೀಸಿನಲ್ಲಿ ಮಲಯಾಳ. ಐದು ಭಾಷೆಯನ್ನು ಕಿವಿಯಲ್ಲೇ ಕಲಿತವರಿಗೆ ಆರನೆಯದೂ ಅರ್ಧ ಗಂಟೆ ಕೇಳಿದರೆ ಬಂದೇ ಬರುತ್ತದೆ ಎಂಬ ಧೈರ್ಯ. ಸಾಲದ್ದಕ್ಕೆ ಕೊರಿಯಾದ ಮಕ್ಕಳೂ ತಂದೆಯನ್ನು "ಅಪ್ಪಾ" ಎಂದೇ ಕರೆಯುತ್ತಾರೆ. ಮುಗಿಯಿತಲ್ಲ!

"ನೋಡು, ನಮ್ಮದೇ ಭಾಷೆ. ಸ್ವಲ್ಪ ಮೂಗಿನಲ್ಲಿ ಮಾತಾಡ್ತಾರೆ, ಅಷ್ಟೇ."

ಹಾಗೆ ಅವರು ಕಿವಿಯಲ್ಲಿ ಹಿಡಿದ ಕಥೆ ಹೀಗಿತ್ತು. ಆ ದೊಡ್ಡ ಕಟ್ಟಡ ತಾಲೂಕು ಆಫೀಸು. ಕೆಂಪು ಬಟ್ಟೆಯವರು ಕಳ್ಳರಲ್ಲ, ಅರ್ಜಿದಾರರು. ಅವರಲ್ಲಿ ನರೆಗೂದಲಿನ ಒಬ್ಬನ ಹೆಸರು ರೇಷನ್ ಕಾರ್ಡಿನಲ್ಲಿ ತಪ್ಪಾಗಿದೆ. ತಿದ್ದಿಸಲು ಮೂರು ಸಲ ಬಂದು ಹೋಗಿದ್ದಾನೆ. ಒಮ್ಮೆ ಸಾರ್ ಲೀವು. ಒಮ್ಮೆ ಸರ್ವರ್ ಡೌನ್. ಒಮ್ಮೆ ಫಾರಂ ಇವನಿಗೆ ಬಾರದ ಭಾಷೆಯಲ್ಲಿ. ನಾಲ್ಕನೆಯ ಸಲ ನೆಂಟರನ್ನೂ ಬಂದೂಕನ್ನೂ ಜೊತೆಗೆ ತಂದಿದ್ದಾನೆ.

ಹೊರಗೆ ಕುಳಿತು ಫೋನಿನಲ್ಲೇ ಎಲ್ಲರನ್ನೂ ಆಡಿಸುವ ಕನ್ನಡಕದವನು ಯಾರು?

"ಅವ ಅರ್ಜಿ ಬರೆದು ಕೊಡುವವ. ಆಫೀಸಿನ ಹೊರಗೆ ಮೇಜು ಹಾಕಿ ಕೂರ್ತಾನಲ್ಲ, ಅವನೇ. ಯಾವ ಫೈಲು ಎಲ್ಲಿ ಉಂಟು ಅಂತ ಒಳಗಿನವರಿಗೆ ಗೊತ್ತಿರುವುದಿಲ್ಲ, ಅವನಿಗೆ ಗೊತ್ತು."

"ಪಾಪ, ಒಂದು ಹೆಸರಿಗೆ ಇಷ್ಟು ಬೆಡಿಯಾ?" ಎಂದಳು ಝೊಹರಾ. (ಬೆಡಿ ಎಂದರೆ ನಮ್ಮಲ್ಲಿ ಬಂದೂಕು.)

ಆಡಿಕೊಳ್ಳಬೇಡಿ. ನಮ್ಮ ಮನೆಯವರ ಹೆಸರು ಚಂದ್ರಹಾಸ. ರೇಷನ್ ಕಾರ್ಡಿನಲ್ಲಿ ಮಲಯಾಳದ ಧಾಟಿಯಲ್ಲಿ ಚಂದ್ರಹಾಸನ್. ಆ 'ನ್' ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವರು, "ಒಂದಕ್ಷರ ಹೆಚ್ಚೇ ಬಂದದ್ದಲ್ವಾ, ಕಡಿಮೆ ಆಗಿಲ್ಲವಲ್ಲ" ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಆ ಶನಿವಾರ ಇನ್ನೂ ಎರಡು ಭಾಗ ಬಾಕಿ ಇತ್ತು. ಇವರ ಪ್ರಕಾರ ಫೈಲು ಸಿಕ್ಕಿತ್ತು, ಸೀಲು ಸಿಕ್ಕಿರಲಿಲ್ಲ.

"ಆ ನರೆಗೂದಲಿನ ಅಜ್ಜನ ಹೆಸರು ಸರಿ ಆಗ್ತದಾ ಅಣ್ಣ?" ಎಂದಳು ಝೊಹರಾ.

"ನಾಳೆ ಹೇಳ್ತೇನೆ. ಈಗಲೇ ಹೇಳಿದ್ರೆ ನಾಳೆ ನೀನು ಬರುವುದಿಲ್ಲ."

ಭಾನುವಾರ ಬೆಳಿಗ್ಗೆ ಇವರು ಚಾ ಕುಡಿದು ಲೋಟ ಕೆಳಗಿಡುವಾಗ ಎದೆ ಹಿಡಿದುಕೊಂಡರು. ಆಸ್ಪತ್ರೆಯ ಅರ್ಧ ದಾರಿಯೂ ಆಗಲಿಲ್ಲ. ಐದು ವಾರ ಈ ಅಂಕಣ ಬಾರದಿದ್ದುದಕ್ಕೆ ಕಾರಣ ಇದು. ವಿಚಾರಿಸಿದವರಿಗೆಲ್ಲ ವಂದನೆ.

ರೀಮೇಕ್ ಎಂದರೇನು ಎಂದು ತಿಳಿಯಬೇಕಾದರೆ ಕೊರಿಯಾದ ತನಕ ಹೋಗಬೇಕಾಗಿಲ್ಲ. ಸಾವಿನ ಮನೆಯಲ್ಲಿ ಕುಳಿತರೆ ಸಾಕು. ಮೊದಲು ಬಂದವರು "ಪುಣ್ಯವಂತ, ನರಳಲಿಲ್ಲ" ಎಂದರು. ಅದು ಒರಿಜಿನಲ್. ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದರು, ನಟರು ಮಾತ್ರ ಬೇರೆ. ಒಬ್ಬರು ನನ್ನ ಕೈ ಹಿಡಿದು "ಟೈಮ್ ಎಲ್ಲವನ್ನೂ ಸರಿ ಮಾಡ್ತದೆ" ಎಂದರು. ಮತ್ತೆ ವಾಚು ನೋಡಿ, ಐದೂವರೆಯ ಬಸ್ಸಿಗೆ ಓಡಿದರು.

ಕಳೆದ ವಾರ ಮರಣ ಪ್ರಮಾಣಪತ್ರ ಕೈಗೆ ಬಂತು. ಹೆಸರು: ಚಂದ್ರಹಾಸನ್.

ಅದನ್ನು ಹಿಡಿದುಕೊಂಡು ಜಗಲಿಯಲ್ಲಿ ಕುಳಿತಿದ್ದೆ. ಝೊಹರಾ ಬಂದು ಇಣುಕಿ ನೋಡಿದಳು. ಆಮೇಲೆ ಮೆಲ್ಲನೆ ಕೇಳಿದಳು.

"ಬೆಡಿ ಬೇಕಾ ಅಕ್ಕ?"

ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೇ ಮೊದಲು. ಅವಳೂ ನಕ್ಕಳು. ನಗು ಎಲ್ಲಿ ಅಳುವಾಯಿತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅವಳು ಶಾಲಿನ ತುದಿಯಿಂದ ಮುಖ ಒರೆಸಿಕೊಂಡು, "ಬಾಕಿ ಎರಡು ಭಾಗ ನೋಡುವನಾ?" ಎಂದಳು.

ಶ್ರುತಿಯನ್ನು ಕರೆಸಿದೆ. ಅವಳು ಈ ಸಲ ಸಬ್‌ಟೈಟಲ್ ಹಾಕಿದಳು, ಮೊದಲಿನಿಂದ. ಆಗ ಗೊತ್ತಾಯಿತು ನೋಡಿ. ತಾಲೂಕು ಆಫೀಸು ಅಲ್ಲವೇ ಅಲ್ಲ, ನೋಟು ಅಚ್ಚು ಹಾಕುವ ಜಾಗ. ಅರ್ಜಿದಾರರಲ್ಲ, ಅಸಲಿ ಕಳ್ಳರು. ಕನ್ನಡಕದವನು ಅರ್ಜಿ ಬರೆಯುವವನಲ್ಲ, ದರೋಡೆಯ ಪ್ಲ್ಯಾನ್ ಹಾಕಿದವನು. ಇವರು ಹೇಳಿದ್ದರಲ್ಲಿ ಒಂದೂ ಸರಿಯಿಲ್ಲ!

ಇಲ್ಲ, ಒಂದು ಸರಿ ಇತ್ತು. ಒಬ್ಬ ಕಳ್ಳನನ್ನು ತೋರಿಸಿ "ಇವ ಇಲ್ಲಿಯವನಲ್ಲ, ಗಡಿಯ ಆಚೆಯವ. ರಾಗ ಕೇಳು" ಎಂದಿದ್ದರು. ಸಬ್‌ಟೈಟಲೂ ಅದನ್ನೇ ಹೇಳಿತು. ಅವನು ಉತ್ತರ ಕೊರಿಯಾದವನು. ಗಡಿಯ ತಲಪಾಡಿಯಲ್ಲಿ ಬಸ್ಸು ಹತ್ತಿದವರು ಬಾಯಿ ತೆರೆದ ಕೂಡಲೇ ಎಲ್ಲಿಯವರೆಂದು ಹಿಡಿಯುತ್ತಿದ್ದ ಕಿವಿ ಅದು. ನನಗೆ ಆ ಹೊತ್ತು ಹೆಮ್ಮೆಯಾಯಿತು. ಯಾರಿಗೆ ಹೇಳುವುದು?

ಕೊನೆಯ ಭಾಗವೂ ಮುಗಿಯಿತು.

"ಹೇಗುಂಟು ದೊಡ್ಡಮ್ಮ?"

ನಾನು ಉತ್ತರಿಸುವ ಮೊದಲೇ ಝೊಹರಾ ಸಿಡುಕಿದಳು. "ಎಂತ ಹೇಗುಂಟು? ಬರೀ ದುಡ್ಡಿನ ಗಲಾಟೆ. ಆ ಅಜ್ಜನ ಹೆಸರು ಎಂತ ಆಯ್ತು?"

"ಯಾವ ಹೆಸರು?" ಶ್ರುತಿ ಕಣ್ಣರಳಿಸಿದಳು.

ಝೊಹರಾ ನನ್ನ ಕಡೆ ತಿರುಗಿದಳು. "ಅಕ್ಕ, ನೀವು ಪೇಪರಿಗೆ ಬರೆಯುವವರಲ್ವಾ? ನೀವೇ ಹೇಳಿ."

ಪ್ರಯತ್ನಿಸಿದೆ. "ಆಮೇಲೆ ಸಾರ್ ಲೀವು ಮುಗಿಸಿ ಬಂದರು. ಸೀಲು ತೆಗೆದರು..."

ಝೊಹರಾ ತಲೆಯಾಡಿಸಿದಳು. "ಅಣ್ಣ ಆದ್ರೆ ಇಷ್ಟು ಬೇಗ ಸಾರನ್ನು ತರ್ತಿರಲಿಲ್ಲ."

ನಿಜ. ಯುರೋಪಿನವರ ಕಥೆಯನ್ನು ಕೊರಿಯಾದವರು ಮತ್ತೆ ಮಾಡಬಹುದು, ನಾಳೆ ಮಲಯಾಳದವರೂ ಮಾಡಬಹುದು. ಇವರದನ್ನು ಮಾತ್ರ ಮತ್ತೊಬ್ಬರು ಮಾಡಲು ಬರುವುದಿಲ್ಲ. ಎಲ್ಲ ಭಾಗವೂ ನೋಡಿಯಾಯಿತಲ್ಲ ಎನ್ನುತ್ತಾಳೆ ಶ್ರುತಿ.

ಇವರು ಹೇಳಬೇಕಿದ್ದ ಆ ಎರಡು ಭಾಗ ಯಾವ ಆ್ಯಪಿನಲ್ಲೂ ಇಲ್ಲ.