ನೀಲಿ ಹರಳು, ಶಾವಿಗೆ ಪಾಯಸ

ಆಗೆಲ್ಲ ತುಮಕೂರಿನಲ್ಲಿ ಫೋಟೋ ತೆಗೆಸುವುದೆಂದರೆ ಮನೆಮಂದಿಯೆಲ್ಲ ತಲೆ ಬಾಚಿ, ಪೌಡರ್ ಬಳಿದುಕೊಂಡು ಹೊರಡುವ ಕೆಲಸ. ನಮ್ಮಪ್ಪನದು ಸಣ್ಣ ಸ್ಟುಡಿಯೋ. ಅದರ ಹಿಂದೆಯೇ ಮನೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಅಪ್ಪ ಲೆನ್ಸಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹರಳು ತುಂಬಿದ ಬಟ್ಟೆಯ ಚೀಲ ಇಡುತ್ತಿದ್ದರು. ಕಡುನೀಲಿ ಹರಳು. ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಹುರಿಯಬೇಕು, ಮತ್ತೆ ನೀಲಿಯಾಗುತ್ತಿದ್ದವು.

“ಒಗ್ಗರಣೆ ಬಾಣ್ಲೇನೇ ಬೇಕಾ ನಿಮ್ಗೆ?” ಅಮ್ಮ ಗೊಣಗುತ್ತಿದ್ದಳು.

“ಉಪ್ಪು ಹಾಕ್ಕೊಡ್ತೀನಿ, ನೀನೂ ಒಂದ್ ಹಿಡಿ ತಿನ್ನು,” ಎಂದು ಅಪ್ಪ ನಗುತ್ತಿದ್ದರು. ನನ್ನ ಕಡೆ ತಿರುಗಿದಾಗ ಆ ನಗು ಇರುತ್ತಿರಲಿಲ್ಲ. “ಲೋ, ಇದನ್ನ ಬಾಯಿಗೆ ಹಾಕ್ಕೊಂಡ್ರೆ ಚರ್ಮ ಸುಲೀತೀನಿ.”

ಪಕ್ಕದ ಮನೆ ಅಮೀನಮ್ಮನದು. ಅವರ ಗಂಡ ಅಪ್ಪನ ಫೋಟೋಗಳಿಗೆ ಗಾಜು ಕೂರಿಸಿ ಕಟ್ಟು ಹಾಕುತ್ತಿದ್ದರು. ಶುಕ್ರವಾರ ಅವರ ಮನೆಯಿಂದ ಕಲಾಯಿ ಹಾಕಿದ ಬಟ್ಟಲಲ್ಲಿ ಶಾವಿಗೆ ಪಾಯಸ ಬರುತ್ತಿತ್ತು. ಅಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ನಾವು ತಿಂದರೆ ಬೇಡವೆನ್ನುತ್ತಲೂ ಇರಲಿಲ್ಲ. ಬಟ್ಟಲನ್ನು ಬರಿದಾಗಿ ಹಿಂದಕ್ಕೆ ಕೊಡುವಂತಿಲ್ಲವೆಂದು ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು.

ನನಗೆ ಹತ್ತು ವರ್ಷ, ತಂಗಿ ಶಾರದೆಗೆ ನಾಲ್ಕು. ಅವತ್ತು ಶುಕ್ರವಾರ ಮಧ್ಯಾಹ್ನ ಅಮ್ಮ ನಲ್ಲಿ ನೀರಿಗೆ ಹೋಗಿದ್ದಳು. ಹುರಿದ ಹರಳು ಬಾಣಲೆಯಲ್ಲಿ ಆರುತ್ತಿತ್ತು. ಶಾರದೆ ಪಾಯಸ ತಿಂದು ಮೊಣಕೈವರೆಗೂ ನೆಕ್ಕುತ್ತಿದ್ದಳು.

“ಜೀರಿಗೆ ಪೆಪ್ಪರ್‌ಮೆಂಟ್ ಬೇಕೇನೇ?” ಅಂದೆ.

“ಇದು ಬರೀ ನೀಲಿ ಐತಲ್ಲಣ್ಣ?”

“ಬೆಂಗ್ಳೂರಿಂದು ಕಣೇ, ಅದಕ್ಕೇ.”

ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಹರಳು ನಾಲಿಗೆಗೆ ಅಂಟಿ ಚಟಪಟ ಅಂದವು. ನಾನು ನಕ್ಕೆ. ಮರುಕ್ಷಣ ಅವಳ ಉಸಿರು ಕಟ್ಟಿತು, ಕಣ್ಣು ಮೇಲಾಯಿತು. ಬೆನ್ನಿಗೆ ಗುದ್ದಿದೆ, ಗುದ್ದಿದೆ. ಕೊನೆಗೆ ವಾಂತಿಯಾಯಿತು. ಪಾಯಸದ ನಡುವೆ ಹರಳು. ಬಾಗಿಲಲ್ಲಿ ಅಮ್ಮನ ಕೊಡ ಬಿದ್ದ ಸದ್ದು ಕೇಳಿತು. ಅವಳು ಒಳಗೆ ಬರುವಷ್ಟರಲ್ಲಿ ಹರಳನ್ನೆಲ್ಲ ಬಾಚಿ ಮುಷ್ಟಿಯಲ್ಲಿ ಅಡಗಿಸಿದೆ.

“ಏನ್ಲಾ ತಿಂದ್ಲು?”

“ಪಾಯ್ಸ,” ಅಂದೆ.

ಗಲಾಟೆ ಕೇಳಿ ಅಮೀನಮ್ಮ ಓಡಿಬಂದರು. “ನಮ್ ಮಕ್ಳೂ ಅದನ್ನೇ ತಿಂದವ್ರೆ ಕಣಮ್ಮ, ಅಲ್ಲಾನಾಣೆ!”

“ಇನ್ಮೇಲೆ ನಿಮ್ಮನೇದು ಏನೂ ಬ್ಯಾಡ ಬುಡಿ.”

“ನೀನಾದ್ರೂ ಹೇಳಪ್ಪ,” ಎಂದು ಅಮೀನಮ್ಮ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಮ್ಮ ಬಾಗಿಲು ಹಾಕಿದಳು. ಹಿತ್ತಲಿಗೆ ಹೋಗಿ ಮುಷ್ಟಿ ಬಿಚ್ಚಿದರೆ ಹರಳೆಲ್ಲ ಗುಲಾಬಿಯಾಗಿದ್ದವು.

ಶಾರದೆ ಮೂರು ದಿನ ಮಲಗಿ ಎದ್ದಳು. ಅಪ್ಪ ಕಟ್ಟಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ವರ್ಷದೊಳಗೆ ಅಮೀನಮ್ಮನವರು ಮನೆ ಖಾಲಿ ಮಾಡಿಕೊಂಡು ಹೋದರು. ಅವತ್ತು ಪಾಯಸ ಬಂದಿದ್ದ ಅವರ ಬಟ್ಟಲು ನಮ್ಮ ಅಟ್ಟದಲ್ಲೇ ಉಳಿಯಿತು. ನಾವು ಕುಣಿಗಲ್ಲಿಗೆ ಬಂದಾಗ ಪಾತ್ರೆಗಳ ಜೊತೆ ಅದೂ ಬಂತು.

ಕಳೆದ ತಿಂಗಳು ಸದಾಶಿವನಗರದ ಮಗನ ಮನೆಯಲ್ಲಿದ್ದೆ. ಮೊಮ್ಮಗಳು ಹೊಸ ಶೂ ಡಬ್ಬದಲ್ಲಿದ್ದ ಪೊಟ್ಟಣ ಹರಿದು ಎರಡು ಬಿಳಿ ಹರಳು ನುಂಗಿಬಿಟ್ಟಳು. ಪೊಟ್ಟಣದ ಸಮೇತ ಅವಳನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆವು.

“ಇದು ವಿಷ ಅಲ್ಲ ತಾತ, ಹಾಗೇ ಹೊರಗೆ ಹೋಗುತ್ತೆ. ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕೊಂಡ್ರೆ ಮಾತ್ರ ಕಷ್ಟ. ಹಳೇ ನೀಲಿದು ಇಷ್ಟು ಸಾಧು ಅಲ್ಲ, ಅದಕ್ಕೆ ಬೇರೆ ಕೆಮಿಕಲ್ ಹಾಕಿರ್ತಾರೆ,” ಅಂದರು ಡಾಕ್ಟರು. “ಏನು ತಿಂದ್ಲು ಅಂತ ಮುಚ್ಚುಮರೆ ಇಲ್ದೆ ಹೇಳಿದ್ರಲ್ಲ, ಅದೇ ದೊಡ್ಡದು.”

ಪಕ್ಕದ ಮನೆ ಪಾಯಸ ತಿಂದು ತಾನು ಸಾಯುವುದರಲ್ಲಿದ್ದೆನೆಂದು ಗುಬ್ಬಿಯಲ್ಲಿರುವ ಶಾರದೆ ಇಂದಿಗೂ ತನ್ನ ಮೊಮ್ಮಕ್ಕಳಿಗೆ ಹೇಳುತ್ತಾಳೆ. ಅವತ್ತು ರಾತ್ರಿ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಚೆನ್ನಾಗಿತ್ತು ಕಣಣ್ಣ ಆ ಪಾಯ್ಸ,” ಅಂದಳು. “ಅವತ್ತಿಂದ ಯಾರ್ ಮನೇಲೂ ಒಂದ್ ತುತ್ತು ನೆಮ್ಮದಿಯಾಗಿ ತಿನ್ಲಿಲ್ವಲ್ಲಣ್ಣ ನಾನು.”

ಮರುವಾರ ಕುಣಿಗಲ್ಲಿಗೆ ಮರಳಿ ಅಮೀನಮ್ಮನ ಬಟ್ಟಲಿಗೆ ಸಕ್ಕರೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿ ಬಟ್ಟೆ ಕಟ್ಟಿಕೊಂಡು ತುಮಕೂರಿನ ಹಳೆಯ ಬೀದಿಗೆ ಹೋದೆ. ಅವರಿದ್ದ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಮೀನಮ್ಮನ ಹೆಸರು ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಬಟ್ಟಲಿನೊಡನೆ ಕುಣಿಗಲ್ ಬಸ್ಸು ಹತ್ತಿದೆ. ಬಸ್ಸು ಕುಲುಕಿದಾಗೆಲ್ಲ ತೊಡೆಯ ಮೇಲೆ ಸಕ್ಕರೆ ಸರಸರ ಎನ್ನುತ್ತಿತ್ತು, ಬಾಣಲೆಯಲ್ಲಿ ಅಪ್ಪ ಹುರಿಯುತ್ತಿದ್ದ ಹರಳಿನ ಹಾಗೆ.