ಗಿಡ್ಡಕ್ಕನ ಸರದಿ

ಗಿಡ್ಡಕ್ಕನನ್ನು ಸೂಪರ್‌ವೈಸರ್ ಮೊದಲ ಸಲ ನೋಡಿದ್ದು ಒಂದು ಬಿಳಿ ಬೆಡ್‌ಶೀಟಿನ ಆಚೆ ತುದಿಯಲ್ಲಿ. ಅಂದು ಅವನಿಗೆ ಕೆಲಸದ ಮೊದಲ ದಿನ. ಕಂಕುಳಲ್ಲಿ ಸರ್ಟಿಫಿಕೇಟಿನ ಫೈಲು, ಕಾಲಲ್ಲಿ ಕಚ್ಚುವ ಹೊಸ ಬೂಟು. ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಕೆಲಸವೆಂದರೆ ಫ್ಯಾನಿನ ಕೆಳಗೊಂದು ಕುರ್ಚಿ ಎಂದುಕೊಂಡು ಬಂದಿದ್ದ. ಲಾಂಡ್ರಿಯ ಬಾಗಿಲು ತಳ್ಳಿದ್ದೇ ತಡ, ಹಬೆ ಮುಖಕ್ಕೆ ರಾಚಿ ಕನ್ನಡಕ ಮಂಜಾಯಿತು. ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಯಾರೋ ಅವನ ಕೈಗೆ ಬಿಸಿ ಬಟ್ಟೆಯ ಎರಡು ಮೂಲೆ ತುರುಕಿದ್ದರು.

“ಬಿಗಿಯಾಗಿ ಹಿಡೀರಿ. ಹಾಂ. ಈಗ ಮುಂದೆ ಬನ್ನಿ. ಮುಂದೆ ಅಂದ್ರೆ ಮುಂದೆ! ಹಿಂದೆ ಹಿಂದೆ ಹೋದ್ರೆ ಮಡಚೋದು ಹೇಗೆ?”

ಎದುರಿಗೆ ಸೋಪಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತ ಹೆಂಗಸು. ಪೆಟ್ಟಿಗೆ ಇಲ್ಲದಿದ್ದರೆ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಹುಬ್ಬು ಗಂಟು ಹಾಕಿಕೊಂಡೇ ಹುಟ್ಟಿದವಳ ಹಾಗೆ ಇದ್ದಳು.

“ನಾನು ಹೊಸ ಸೂಪರ್‌ವೈಸರ್,” ಎಂದ ಅವನು, ಫೈಲು ಜಾರದಂತೆ ಹಿಡಿದುಕೊಂಡು.

“ಆಗ್ಲಿ ಬಿಡಿ ಸಾರ್. ಸೂಪರ್‌ವೈಸರ್‌ಗೂ ಎರಡು ಕೈ ಇರ್ತವಲ್ಲ.”

ಸುತ್ತ ನಿಂತವರು ಕಿಸಕ್ಕೆಂದರು. ಅವನು ಅಂದು ಹದಿನಾಲ್ಕು ಬೆಡ್‌ಶೀಟು ಮಡಚಿದ. ಮಡಚುವ ಮೇಜಿನ ಮುಖ್ಯಸ್ಥೆ ಆಕೆ, ಎಲ್ಲರ ಬಾಯಲ್ಲಿ ಗಿಡ್ಡಕ್ಕ, ಸಿಟ್ಟು ಸದಾ ಮೂಗಿನ ತುದಿಯಲ್ಲಿರುತ್ತದೆ ಎಂಬುದು ಮಧ್ಯಾಹ್ನದ ಊಟದ ಹೊತ್ತಿಗೆ ತಿಳಿಯಿತು. ಆ ಸಿಟ್ಟಿಗೆ ಕಾರಣ ತಿಳಿಯಲು ಮಾತ್ರ ಒಂದು ವರ್ಷ ಹಿಡಿಯಿತು.

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಒಂದೊಂದು ಪಾಳಿಗೆ ಆರು ಜನ, ಆರು ಜಾಗ: ಕೊಳೆ ಬಟ್ಟೆ ವಿಂಗಡಿಸುವ ಮೇಜು, ಒಗೆಯುವ ಯಂತ್ರ, ಹಿಂಡುವ ಯಂತ್ರ, ಬಿಸಿ ರೋಲರು, ಮಡಚುವ ಮೇಜು, ಕಟ್ಟು ಕಟ್ಟುವ ಮೂಲೆ. ಉಳಿದ ಐದು ಜಾಗಗಳಲ್ಲಿ ಮೈ ನೋಯುತ್ತಿತ್ತು, ಅಷ್ಟೆ. ವಿಂಗಡಿಸುವ ಮೇಜಿನ ಕಷ್ಟವೇ ಬೇರೆ. ರಕ್ತ, ಕೀವು, ವಾಂತಿ, ಮಡಿಕೆಯೊಳಗೆ ಅಡಗಿ ಕೂತ ಸೂಜಿ. ಅಲ್ಲಿ ಹನ್ನೊಂದು ವರ್ಷದಿಂದ ಒಬ್ಬಳೇ ನಿಂತಿದ್ದಳು. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಆಕೆ ಎದುರಾಡುವವಳಲ್ಲ. ಅದಕ್ಕೇ ಅಲ್ಲಿ ನಿಲ್ಲಿಸಿದ್ದರು. ಎರಡು ಸಲ ಸೂಜಿ ಚುಚ್ಚಿತ್ತು. ಕೈಗವಸಿನೊಳಗೆ ಬೆವರಿ ಬೆವರಿ ಅಂಗೈ ಒಡೆದು ಸೀಳಾಗಿತ್ತು.

ಆ ವರ್ಷ ಡಾಕ್ಟರು ಚೀಟಿ ಬರೆದುಕೊಟ್ಟರು: ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಈ ಕೆಲಸ ಕೂಡದು. ದೊಡ್ಡಮ್ಮ ಆ ಚೀಟಿಯನ್ನು ಸೂಪರ್‌ವೈಸರ್ ಕೈಗೆ ಕೊಟ್ಟು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಂತಳು. ಅವನು ಅದನ್ನು ಮಹಡಿಯ ಮೇಲಿನ ಸಾಹೇಬರಿಗೆ ತಲುಪಿಸಿದ. ಲಾಂಡ್ರಿಯ ಮಾಲೀಕರು ಅವರು. ಓದಿ, ಮಡಚಿ, ವಾಪಸು ಕೊಟ್ಟರು.

“ಆಗಲ್ಲ ಅಂದ್ರೆ ಮನೇಲಿ ಇರ್ಲಿ. ತಿಂಗಳ ಕೊನೆಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

“ಎಲ್ರೂ ಸರದಿ ಮೇಲೆ ಒಂದೊಂದು ಗಂಟೆ ನಿಂತ್ರೆ ಆಗತ್ತೆ ಅಂತ ಗಿಡ್ಡಕ್ಕ ಹೇಳ್ತಿದ್ರು ಸಾರ್...”

“ಅವಳಿಗೆ ಹೇಳಿ, ಬಟ್ಟೆ ಮಡಚೋಕೆ ಇಟ್ಕೊಂಡಿದೀವಿ, ಬುದ್ಧಿ ಹೇಳೋಕಲ್ಲ ಅಂತ.”

ಸೂಪರ್‌ವೈಸರ್ ಚೀಟಿ ಹಿಡಿದುಕೊಂಡು ಮೆಟ್ಟಿಲಿಳಿದ. ಕೆಳಗೆ ಗಿಡ್ಡಕ್ಕ ಕಾದಿದ್ದಳು. ಅವನ ಮುಖ ನೋಡಿಯೇ ಅರ್ಥವಾಯಿತು. ಕೈಲಿದ್ದ ದಿಂಬಿನ ಚೀಲವನ್ನು ಮೇಜಿನ ಮೇಲೆ ಬಾರಿಸಿದಳು.

“ಇವ್ರು ತಿಂಗಳು ತಿಂಗಳು ಭಾಷಣ ಮಾಡ್ತಾರಲ್ಲ, ನಾಚಿಕೆ ಆಗಲ್ವಾ?”

ಅದು ಹೀಗೆ. ಸಾಹೇಬರು ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದರಂತೆ. ಪ್ರತಿ ತಿಂಗಳು ಕ್ಯಾಂಟೀನಿನ ಗೋಡೆಗೆ ಬೋರ್ಡು ಒರಗಿಸಿ, ಅಂಕಣದ ಚಿತ್ರ ಬರೆದು, ವ್ಯಾಪಾರವೆಂದರೆ ವಾಲಿಬಾಲ್ ಎಂದು ಶುರು ಮಾಡುತ್ತಿದ್ದರು. ನಾವೆಲ್ಲ ಒಂದು ತಂಡ, ನಾನು ನಾಯಕ, ಅವರವರ ಜಾಗದಲ್ಲಿ ಅವರವರು ಅಲ್ಲಾಡದೆ ನಿಂತರೆ ಗೆಲುವು ನಮ್ಮದೇ. ಇದನ್ನು ಕೇಳಿದಾಗಲೆಲ್ಲ ಗಿಡ್ಡಕ್ಕ ಹಿಂದಿನ ಬೆಂಚಿನಲ್ಲಿ ಹಲ್ಲು ಕಡಿಯುತ್ತಿದ್ದಳು.

“ಅಲ್ಲಾಡದೆ ನಿಲ್ಲೋದು ಯಾವ ವಾಲಿಬಾಲ್ ಮಾರಾಯ್ರೆ? ಇವ್ರು ಕೇರಂ ಆಡಿರ್ಬೇಕು.”

ಅವಳಿಗೆ ಆ ಆಟ ಗೊತ್ತಿತ್ತು. ಒಮ್ಮೆ ರಜೆಯ ಅರ್ಜಿಗೆ ಸಹಿ ಹಾಕಿಸಲು ಸೂಪರ್‌ವೈಸರ್ ಅವಳ ಮನೆಗೆ ಹೋಗಿದ್ದ. ಗಂಡನ ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ; ಅಡುಗೆಮನೆಯ ಗೋಡೆಯಲ್ಲಿ ಆರು ಹುಡುಗಿಯರ ಫೋಟೊ. ಮಧ್ಯದಲ್ಲಿ ಚೆಂಡು ಹಿಡಿದ ಗಿಡ್ಡಿ ಇವಳೇ. ಕತೆ ಹೇಳಿದ್ದು ಆಗ. ಶಾಲೆಯಲ್ಲಿ ಇವಳನ್ನು ತಂಡಕ್ಕೆ ಸೇರಿಸಿದಾಗ ಎಲ್ಲರೂ ನಕ್ಕಿದ್ದರು. ಆದರೆ ವಾಲಿಬಾಲಿನಲ್ಲಿ ಯಾರನ್ನೂ ಬಚ್ಚಿಡಲಾಗದು. ಎದುರಾಳಿಯಿಂದ ಸರ್ವಿಸ್ ಗೆದ್ದುಕೊಂಡಾಗಲೆಲ್ಲ ಆರೂ ಜನ ಒಂದೊಂದು ಜಾಗ ಸರಿಯಬೇಕು. ಹಿಂದಿದ್ದವರು ನೆಟ್ಟಿನ ಬುಡಕ್ಕೆ ಬರಲೇಬೇಕು. ಮುಂದೆ ಮೆರೆದವರು ಹಿಂದೆ ಹೋಗಿ ಮಂಡಿ ತರಚಿಕೊಳ್ಳಲೇಬೇಕು. ಫೈನಲ್ಲಿನಲ್ಲಿ ಇವಳು ಮುಂದೆ ಬಂದಾಗ ಎದುರಿನ ಎತ್ತರದ ಹುಡುಗಿಯರು ಇವಳ ತಲೆಯ ಮೇಲಿಂದಲೇ ಚೆಂಡು ಬಾರಿಸಿ ಗೆದ್ದರು. ಜೊತೆಯವರು ಇವಳನ್ನು ಬೈಯತೊಡಗಿದರು. ಆಟ ಕಲಿಸಿದ ಟೀಚರು ಬೈದದ್ದು ಉಳಿದ ಐವರನ್ನು.

“‘ಅವಳು ಗಿಡ್ಡ ಅಂತ ಗೊತ್ತಿತ್ತಲ್ಲ, ಅವಳ ಹಿಂದೆ ಬಗ್ಗಿ ನಿಲ್ಲೋಕೆ ನಿಮಗೇನಾಗಿತ್ತು ದಾಡಿ?’ ಅಂದ್ರು ಸಾರ್. ನಾನು ಕಲ್ತಿದ್ದು ಅದೊಂದೇ.”

ದೊಡ್ಡಮ್ಮನ ಚೀಟಿ ವಾಪಸಾದ ತಿಂಗಳೇ ಮಾಲೀಕರು ಲಾಂಡ್ರಿಯ ಹಿಂದಿನ ಲಾರಿ ನಿಲ್ಲಿಸುವ ಜಾಗದಲ್ಲಿ ಪಂದ್ಯ ಇಟ್ಟುಕೊಂಡರು. ಭಾನುವಾರದ ಬೆಳಗು, ಮಸಿಬಟ್ಟೆಯಂತಾಗಿದ್ದ ನೆಟ್ಟು, ಸುಣ್ಣದ ಗೆರೆ. ಒಂದು ಕಡೆ ಲಾರಿ ಡ್ರೈವರುಗಳ ತಂಡ, ಇನ್ನೊಂದು ಕಡೆ ಸಾಹೇಬರ ತಂಡ. ಸಾಹೇಬರ ತಂಡದಲ್ಲಿ ಗಿಡ್ಡಕ್ಕನೂ ಇದ್ದಳು. ಅಂಪೈರಿಂಗ್ ಮಾಡಲು ಸೂಪರ್‌ವೈಸರ್ ಕೊರಳಿಗೆ ಸೀಟಿ ಹಾಕಿಕೊಂಡು ಕುರ್ಚಿಯ ಮೇಲೆ ನಿಂತಿದ್ದ. ದೊಡ್ಡಮ್ಮ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಗೋಡೆಯ ಪಕ್ಕ ಕೂತಿದ್ದಳು. ತಿಂಗಳು ಮುಗಿಯಲು ನಾಲ್ಕು ದಿನವಿತ್ತು.

ಸಾಹೇಬರು ನೆಟ್ಟಿನ ಬುಡದಲ್ಲಿ ನಿಂತು ಎರಡು ಸ್ಮ್ಯಾಶ್ ಹೊಡೆದರು. ಚಪ್ಪಾಳೆ. ತಂಡ ಸರಿಯುವ ಹೊತ್ತು ಬಂತು. ಸಾಹೇಬರು ಹಿಂದಿನ ಸಾಲಿಗೆ ಹೋಗಬೇಕು, ಗಿಡ್ಡಕ್ಕ ಮುಂದೆ ಬರಬೇಕು. ಅವರು ಅಲ್ಲಾಡಲಿಲ್ಲ. “ನೀನು ಹಿಂದೇನೇ ಇರಮ್ಮ, ನಿನ್ನ ಕೈ ಇಲ್ಲಿ ಎಟಕಲ್ಲ,” ಎಂದು ನಕ್ಕು, ತಮ್ಮ ಸರ್ವಿಸನ್ನು ತಂಡದಲ್ಲೇ ಇದ್ದ ಲೆಕ್ಕದ ಗುಮಾಸ್ತನಿಂದ ಮಾಡಿಸಿದರು. ಸೂಪರ್‌ವೈಸರ್ ಸೀಟಿಯನ್ನು ಬಾಯಿಗಿಟ್ಟುಕೊಂಡ. ಊದಲಿಲ್ಲ. ಎರಡನೇ ಸಲ ಅವರು ಸರಿಯದಿದ್ದಾಗಲೂ ಊದಲಿಲ್ಲ. ಮೂರನೇ ಸಲ ಗಿಡ್ಡಕ್ಕ ತನ್ನತ್ತ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ಕಂಕುಳಿಗೆ ಅವುಚಿಕೊಂಡಳು.

“ಏನಮ್ಮ ಇದು?”

“ಸರದಿ ಸಾಹೇಬ್ರೆ. ನಿಮ್ಮದು ಹಿಂದೆ. ನನ್ನದು ಮುಂದೆ.”

“ಅಯ್ಯೋ, ಸುಮ್ನೆ ಖುಷಿಗೆ ಆಡ್ತಿರೋದು. ಚೆಂಡು ಕೊಡು.”

“ಖುಷಿ ಯಾರಿಗೆ? ಹನ್ನೊಂದು ವರ್ಷ ಆ ಮುದುಕಿ ಹಿಂದಿನ ಸಾಲಲ್ಲಿ ನಿಂತು ಕೈ ಕೊಳೆಸ್ಕೊಂಡಿದಾಳೆ. ಅವಳಿಗೆ ಖುಷಿನಾ? ಬೋರ್ಡ್ ಮೇಲೆ ಆರು ಚುಕ್ಕಿ ಇಟ್ಟು ತಂಡ ತಂಡ ಅಂತೀರಿ. ಆ ಚುಕ್ಕಿ ಯಾವತ್ತಾದ್ರೂ ಸರಿದಿದೆಯಾ? ನೀವೇ ಸರಿಯಲ್ಲ, ಇನ್ಯಾರು ಸರೀತಾರೆ?” ಅವಳು ತಟ್ಟನೆ ಕುರ್ಚಿಯ ಕಡೆ ತಿರುಗಿದಳು. “ನೀವು ಸಾರ್! ಓದ್ಕೊಂಡಿರೋರು. ಆ ಸೀಟಿ ಏನು ಕತ್ತಿಗೆ ಶೃಂಗಾರಕ್ಕಾ?”

ಸೂಪರ್‌ವೈಸರ್‌ಗೆ ಕೆನ್ನೆಗೆ ಹೊಡೆದಂತಾಯಿತು. ಸಿಟ್ಟು ಬಂತು, ಮೊದಲು ಅವಳ ಮೇಲೆ, ಆಮೇಲೆ ಸಾಹೇಬರ ಮೇಲೆ, ಕೊನೆಗೆ ಚೀಟಿಯನ್ನು ಅಂಚೆಯವನ ಹಾಗೆ ಮೇಲೆ ಒಯ್ದು ಕೆಳಗೆ ತಂದ ತನ್ನ ಮೇಲೆ. ಅವನು ಕಿವಿ ಗಡಚಿಕ್ಕುವ ಹಾಗೆ ಊದಿದ.

“ಜಾಗ ತಪ್ಪು. ಪಾಯಿಂಟ್ ಡ್ರೈವರುಗಳಿಗೆ.”

ಸಾಹೇಬರ ಮುಖ ಕೆಂಪಗಾಯಿತು. ಟವೆಲು ಹೆಗಲಿಗೆ ಹಾಕಿಕೊಂಡು ಅಂಕಣದಿಂದ ಹೊರಗೆ ನಡೆದುಬಿಟ್ಟರು. ಪಂದ್ಯ ಅಲ್ಲಿಗೇ ನಿಂತಿತು.

ಸೋಮವಾರ ಮೇಲಿನಿಂದ ಕಾಗದ ಬಂತು. ಗಿಡ್ಡಕ್ಕನನ್ನು ಮುಖ್ಯಸ್ಥೆಯ ಜಾಗದಿಂದ ತೆಗೆಯಲಾಗಿದೆ, ಇನ್ನು ಮುಂದೆ ವಿಂಗಡಿಸುವ ಮೇಜು ಅವಳದೇ. ದೊಡ್ಡಮ್ಮ ತಿಂಗಳ ಕೊನೆಗೆ ಹೋಗತಕ್ಕದ್ದು. ಸೂಪರ್‌ವೈಸರ್ ಕಾಗದವನ್ನು ಗೋಡೆಗೆ ಅಂಟಿಸಬೇಕಿತ್ತು. ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಸೀಟಿ ಕೈಗೆ ತಗುಲಿತು. ಸುದ್ದಿ ಹೇಗೋ ಕಿವಿಗೆ ಬಿದ್ದು, ಗಿಡ್ಡಕ್ಕ ಆಗಲೇ ಕೈಗವಸು ಏರಿಸಿ ಕೊಳೆಯ ಗುಡ್ಡೆಯ ಮುಂದೆ ನಿಂತಿದ್ದಳು. ಅವಳ ಪೆಟ್ಟಿಗೆಯೂ ಜೊತೆಗೆ ಬಂದಿತ್ತು. ದೊಡ್ಡಮ್ಮನನ್ನು ಅವನೇ ಕಟ್ಟು ಕಟ್ಟುವ ಮೂಲೆಯಲ್ಲಿ ನಿಲ್ಲಿಸಿದ. ಒಂದು ಗಂಟೆ ಕಳೆಯಿತು. ಅವನು ಬಟ್ಟೆಗುಡ್ಡೆಗಳ ನಡುವೆ ನಿಂತು ಊದಿದ.

ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಒಗೆಯುವ ಯಂತ್ರದ ಬಳಿಯಿದ್ದವಳು ಮುಖ ಕಿವಿಚಿಕೊಂಡು, “ನನಗೆ ವಾಂತಿ ಬಂದ್ರೆ ನಿಮ್ಮ ಬೂಟಿನ ಮೇಲೇ ಮಾಡೋದು ಸಾರ್,” ಎನ್ನುತ್ತ ವಿಂಗಡಿಸುವ ಮೇಜಿಗೆ ಬಂದಳು. ಉಳಿದವರೂ ಒಂದೊಂದು ಜಾಗ ಸರಿದರು. ಸೀಟಿಯ ಸದ್ದಿಗೆ ಸಾಹೇಬರು ಇಳಿದು ಬಂದು ಕೂಗಾಡಿದರು, ಕೆಲಸದಿಂದ ತೆಗೆಯುತ್ತೇನೆ ಎಂದರು.

“ತೆಗೀರಿ,” ಎಂದಳು ಗಿಡ್ಡಕ್ಕ. “ಆರೂ ಜನಾನ ತೆಗೀರಿ. ಸಂಜೆ ಆಸ್ಪತ್ರೆ ಗಾಡಿ ಬರತ್ತೆ. ನಾಯಕರು ನೀವೇ ಅಲ್ವಾ, ಆರೂ ಜಾಗದಲ್ಲಿ ಒಬ್ರೇ ಆಡಿ.”

ಅವರು ಗಡಿಯಾರ ನೋಡಿದರು, ಗುಡ್ಡೆ ನೋಡಿದರು, ಮೇಲೆ ಹೋದರು. ಆ ಕಾಗದದ ಮಾತು ಮತ್ತೆ ಎತ್ತಲಿಲ್ಲ. ಸರದಿಗೆ ಒಪ್ಪಿದೆ ಎಂದೂ ಇಂದಿನವರೆಗೆ ಬಾಯಿಬಿಟ್ಟು ಹೇಳಿಲ್ಲ. ಸೂಪರ್‌ವೈಸರ್‌ಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅಂದು ಸಂಜೆ ಅವನು ಗಿಡ್ಡಕ್ಕನಿಂದ ಒಂದು ಒಳ್ಳೆಯ ಮಾತು ನಿರೀಕ್ಷಿಸಿದ್ದು ನಿಜ.

“ಏನು, ಹಾರ ಹಾಕ್ಬೇಕಾ?” ಎಂದಳು. “ಪಂದ್ಯದಲ್ಲಿ ಎರಡು ಸಲ ಸೀಟಿ ನುಂಗಿದ್ರಲ್ಲ, ಅದು ನನಗೆ ಮರೆತಿಲ್ಲ.”

ಮಾಲೀಕರು ಈಗಲೂ ತಿಂಗಳಿಗೊಮ್ಮೆ ಭಾಷಣ ಮಾಡುತ್ತಾರೆ, ಆದರೆ ಈಗ ಕ್ರಿಕೆಟ್ಟಿನ ಬಗ್ಗೆ. ದೊಡ್ಡಮ್ಮ ದಿನಕ್ಕೊಂದು ಗಂಟೆ ಮಾತ್ರ ವಿಂಗಡಿಸುತ್ತಾಳೆ. ಅಂಗೈಯ ಸೀಳು ಪೂರ್ತಿ ಮಾಗಿಲ್ಲ. ಗಿಡ್ಡಕ್ಕ ಅದೇ ಲಾಂಡ್ರಿಯಲ್ಲಿ, ಮುಖ್ಯಸ್ಥೆಯ ಹುದ್ದೆ ಇಲ್ಲದೆ, ಬೆಳಗಿನ ಪಾಳಿಯಲ್ಲಿ ಕೆಲಸ ಮಾಡುತ್ತಾಳೆ. ಗಂಟೆಗೊಮ್ಮೆ ಸೀಟಿ ಊದುವವಳು ಈಗ ಅವಳೇ. ದಿನದ ಮೊದಲ ಗಂಟೆ ಕೊಳೆ ಬಟ್ಟೆಯ ಮೇಜಿನಲ್ಲಿ ನಿಲ್ಲುವುದೂ ಅವಳೇ.